ಟ್ಯೂಬ್‌ಲೈಟಿನ ಕೆಳಗೆ ಓಡುವ ಕಾರು

— ದೊಡ್ಡಪ್ಪ, ಪತ್ರಿಕೆಗೆ ಅಷ್ಟು ವರ್ಷ ಆಟೋಟದ ಫೋಟೋ ತೆಗೆದವರು ನೀವು. ಇದಕ್ಕೊಂದು ದಾರಿ ಹೇಳಿ. ಕಾರು ನಿಂತಿದ್ದಾಗ ತೆಗೆದದ್ದೆಲ್ಲ ಚೊಕ್ಕವಾಗಿದೆ. ಓಡುವಾಗ ತೆಗೆದದ್ದರಲ್ಲಿ ಕೆಂಪು ಗೀಟು, ನೀಲಿ ಗೀಟು ಅಷ್ಟೇ. ಒಂದೆರಡರಲ್ಲಿ ಕಾರೇನೋ ಕಾಣಿಸುತ್ತೆ, ಆದರೆ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು ಕಾಳು.

— ಇವು ಆಟದ ಕಾರುಗಳಾ? ಸುತ್ತ ನಿಂತವರೆಲ್ಲ ತಲೆ ನರೆತವರು ಇದ್ದಾರಲ್ಲ.

— ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಸ್ಲಾಟ್ ಕಾರ್ ಕ್ಲಬ್ಬು. ಸಂಜೆ ಹೊತ್ತು ಊರಿನ ಸಮುದಾಯ ಭವನದಲ್ಲಿ ಸೇರುತ್ತಾರೆ. ಮೇಜು ಜೋಡಿಸಿ ಅದರ ಮೇಲೆ ಟ್ರ್ಯಾಕ್ ಹಾಸುತ್ತಾರೆ. ಟ್ರ್ಯಾಕಿನ ಉದ್ದಕ್ಕೂ ಒಂದು ಸೀಳು. ಕಾರಿನ ಮೂತಿಯ ಅಡಿಯಲ್ಲಿರುವ ಗೈಡ್ ಅದರೊಳಗೆ ಇಳಿದಿರುತ್ತೆ. ಸೀಳಿನ ಎರಡೂ ಪಕ್ಕದ ಲೋಹದ ಪಟ್ಟಿಯಿಂದ ಕರೆಂಟು ಬರುತ್ತೆ, ಕೈಯಲ್ಲಿ ಹಿಡಿದ ಟ್ರಿಗರ್ ಒತ್ತಿದಷ್ಟೂ ವೇಗ. 1957ರಲ್ಲಿ ಫ್ರೆಡ್ ಫ್ರಾನ್ಸಿಸ್ ಅನ್ನುವವರು ಸ್ಕೇಲೆಕ್ಸ್‌ಟ್ರಿಕ್ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಆಗ ಚಿಕ್ಕ ಮಕ್ಕಳಾಗಿದ್ದವರು ಇವತ್ತೂ ಬಿಟ್ಟಿಲ್ಲ. ರೇಸಿಗೆ ಮುಂಚೆ ಟೈರನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ದುಂಡಗೆ ಮಾಡುತ್ತಾರೆ, ಗೈಡಿನ ಕೆಳಗಿನ ತಾಮ್ರದ ಬ್ರೇಡನ್ನು ಬೆರಳಲ್ಲಿ ನೇವರಿಸಿ ಸರಿಮಾಡುತ್ತಾರೆ. ಆ ಶ್ರದ್ಧೆಗೆ ತಕ್ಕ ಚಿತ್ರ ಕೊಡಬೇಕು ಅಂತ ನನಗೆ ಆಸೆ.

— ಆಸೆ ಸರಿಯಾಗಿಯೇ ಇದೆ. ಕಾರು ಎಷ್ಟುದ್ದ, ಎಷ್ಟು ವೇಗ ಹೇಳು.

— 1:32 ಅಳತೆಯದು, ಹದಿನಾಲ್ಕು ಸೆಂಟಿಮೀಟರ್ ಆಸುಪಾಸು. ನೇರ ಓಟದಲ್ಲಿ ಸೆಕೆಂಡಿಗೆ 4 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರ್ ಕೂಡ ಆಗೋದಿಲ್ಲ. ಸೈಕಲ್ಲಿನ ವೇಗ! ಅದಕ್ಕೇ ನನಗೆ ಅರ್ಥವಾಗದೇ ಇರುವುದು. ಇಷ್ಟು ನಿಧಾನದ ವಸ್ತು ಯಾಕೆ ಕೈಗೆ ಸಿಗೋದಿಲ್ಲ?

— ಕ್ಯಾಮೆರಾಗೆ ಗಂಟೆಗಿಷ್ಟು ಕಿಲೋಮೀಟರ್ ಅನ್ನುವುದು ಗೊತ್ತಿಲ್ಲಮ್ಮ. ತನ್ನ ಕಣ್ಣ ಮುಂದೆ ಎಷ್ಟು ಬೇಗ ಹಾದುಹೋಯಿತು ಅನ್ನುವುದೊಂದೇ ಅದಕ್ಕೆ ಗೊತ್ತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕಿನಲ್ಲಿ ನಾವು ರೇಸ್ ತೆಗೆಯುವಾಗ ಬೇಲಿಯಾಚೆ ದೂರದಲ್ಲಿ ನಿಲ್ಲುತ್ತಿದ್ದೆವು. ಒಂದು ಫಾರ್ಮುಲಾ ಒನ್ ಕಾರನ್ನೇ ತಗೋ. ಗಂಟೆಗೆ 288 ಕಿಲೋಮೀಟರ್ ಅಂದರೆ ಸೆಕೆಂಡಿಗೆ 80 ಮೀಟರ್. ಫೋಟೋಗ್ರಾಫರ್ 30 ಮೀಟರ್ ದೂರ ನಿಂತಿದ್ದಾನೆ. ವೇಗವನ್ನು ದೂರದಿಂದ ಭಾಗಿಸು. 2.7 ಬರುತ್ತೆ. ಈಗ ನಿನ್ನದು. ಸೆಕೆಂಡಿಗೆ 4 ಮೀಟರ್, ನೀನು ನಿಂತಿರುವ ದೂರ ಎಷ್ಟು?

— ಮುಕ್ಕಾಲು ಮೀಟರಿಗಿಂತ ಸ್ವಲ್ಪ ಕಡಿಮೆ. 70 ಸೆಂಟಿಮೀಟರ್.

— ಭಾಗಿಸಿದರೆ 5.7. ಕಣ್ಣ ಮುಂದೆ ಹಾಯುವ ಲೆಕ್ಕದಲ್ಲಿ ನಿನ್ನ ಆಟದ ಕಾರು ಆ ಫಾರ್ಮುಲಾ ಒನ್ ಕಾರಿನ ಎರಡರಷ್ಟು ವೇಗದ್ದು. ಅದರ ಮೇಲೆ ಅಲ್ಲಿ ನೆತ್ತಿಯ ಮೇಲೆ ಸೂರ್ಯ, ಇಲ್ಲಿ ಟ್ಯೂಬ್‌ಲೈಟು. ನೀನು ತೆಗೆಯುತ್ತಿರುವುದು ಸುಲಭದ ಚಿತ್ರ ಅಂದುಕೊಂಡು ಹೋದರೆ ಆಗೋದಿಲ್ಲ.

— ಹಾಗಾದರೆ ಶಟರ್ ವೇಗ ಏರಿಸಬೇಕು.

— ಏರಿಸಿದರೆ ಏನು ಸಿಗುತ್ತೆ, ಏನು ಕಳೆದುಕೊಳ್ಳುತ್ತೀಯ ಅಂತ ಮೊದಲು ಲೆಕ್ಕ ಹಾಕು. 1/250 ಸೆಕೆಂಡಿನಲ್ಲಿ ಕಾರು 16 ಮಿಲಿಮೀಟರ್ ಮುಂದೆ ಹೋಗಿರುತ್ತೆ. ಕಾರಿನ ಉದ್ದದ ಒಂಬತ್ತನೇ ಒಂದು ಭಾಗ. ಬಾಗಿಲ ಮೇಲಿನ ನಂಬರ್ ಪೂರ್ತಿ ಅಳಿಸಿಹೋಗಲು ಅಷ್ಟು ಸಾಕು. 1/1000ಕ್ಕೆ 4 ಮಿಲಿಮೀಟರ್. ಆಗಲೂ ಸ್ಪಾನ್ಸರುಗಳ ಸ್ಟಿಕ್ಕರ್ ಓದಲು ಬರೋದಿಲ್ಲ. ಇನ್ನು ಬೆಳಕು. ಸಾಮಾನ್ಯ ಹಾಲಿನಲ್ಲಿ ಮೇಜಿನ ಮೇಲೆ ಬೀಳುವುದು 300 ಲಕ್ಸ್ ಆಸುಪಾಸು. ಅಷ್ಟಕ್ಕೆ ಐಎಸ್‌ಒ 100, ಎಫ್ 2.8 ಇಟ್ಟರೆ ಶಟರ್ 1/15 ಬೇಕು. ಅಲ್ಲಿಂದ 1/1000ಕ್ಕೆ ಏರಬೇಕಾದರೆ ಐಎಸ್‌ಒ 6400. ನಿನ್ನ ಚಿತ್ರದಲ್ಲಿ ಕಾಳು ಬಂದದ್ದು ಅದಕ್ಕೇ.

— ಕ್ಯಾಮೆರಾ ಜೊತೆ ಬಂದ ಜೂಮ್ ಲೆನ್ಸಿನಲ್ಲಿ ಎಫ್ 2.8 ಕೂಡ ಇಲ್ಲ. ಉದ್ದಕ್ಕೆ ಎಳೆದರೆ 5.6.

— ಅದನ್ನು ಬ್ಯಾಗಿನಲ್ಲೇ ಬಿಡು. 50 ಎಂಎಂ ಎಫ್ 1.8 ಲೆನ್ಸ್ ಇದೆಯಲ್ಲ, ಎಲ್ಲ ಕಂಪನಿಗಳಲ್ಲೂ ಅಗ್ಗಕ್ಕೆ ಸಿಗುವಂಥದ್ದು, ಅದು 5.6ಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಆದರೆ ಪೂರ್ತಿ ತೆರೆದುಬಿಟ್ಟರೆ ಇನ್ನೊಂದು ಕಷ್ಟ ಬರುತ್ತೆ. 70 ಸೆಂಟಿಮೀಟರ್ ದೂರದಲ್ಲಿ ಎಫ್ 2.8 ಇಟ್ಟಾಗಲೇ ಫೋಕಸ್ಸಿನಲ್ಲಿ ಇರುವ ಜಾಗ ಎರಡು ಸೆಂಟಿಮೀಟರ್ ಅಷ್ಟೇ. ಕಾರು ಎದುರಿಗೆ ಬರುತ್ತಿದ್ದರೆ ಮೂತಿ ಸ್ಪಷ್ಟ, ಚಾಲಕನ ಹೆಲ್ಮೆಟ್ ಮಂಜು. ದೊಡ್ಡ ಕಾರಿಗೆ ಈ ತೊಂದರೆಯೇ ಇಲ್ಲ. ದೂರ ಇರುತ್ತೆ, ಆಳವೂ ಇರುತ್ತೆ.

— ಅಂದರೆ ಎಲ್ಲ ಕಡೆಯಿಂದಲೂ ಚಿಕ್ಕದಾಗಿರುವುದೇ ಶಾಪ.

— ಅಲ್ಲೇ ನಾನು ಒಪ್ಪೋದಿಲ್ಲ. ನಾವು ಒಳಾಂಗಣದಲ್ಲಿ ಷಟಲ್ ಪಂದ್ಯ ತೆಗೆಯುವಾಗ ಫ್ಲ್ಯಾಶ್ ಹಾಕುವ ಹಾಗಿರಲಿಲ್ಲ. ಟ್ರೈ-ಎಕ್ಸ್ 400 ಫಿಲ್ಮನ್ನು 1600ಕ್ಕೆ ಪುಶ್ ಮಾಡಿ, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟು, ಸಿಕ್ಕಿದ್ದನ್ನು ಉಳಿಸಿಕೊಳ್ಳುತ್ತಿದ್ದೆವು. ಕ್ರೀಡಾಂಗಣದ ದೀಪವನ್ನು ಹತ್ತಿರ ತರಲು ನಮ್ಮಿಂದ ಆಗುತ್ತಿತ್ತಾ? ನಿನ್ನಿಂದ ಆಗುತ್ತೆ. ನಿನ್ನ ರೇಸ್ ಟ್ರ್ಯಾಕು ಮೇಜಿನ ಮೇಲಿದೆ! ಓದುವ ಟೇಬಲ್ ಲ್ಯಾಂಪನ್ನು ಎರಡು ಮೀಟರ್ ದೂರದಿಂದ ಅರ್ಧ ಮೀಟರಿಗೆ ತಂದರೆ ಕಾರಿನ ಮೇಲೆ ಬೀಳುವ ಬೆಳಕು ಹದಿನಾರು ಪಟ್ಟು. ದೂರ ನಾಲ್ಕನೇ ಒಂದಾಯಿತು, ಬೆಳಕು ನಾಲ್ಕರ ವರ್ಗದಷ್ಟು ಏರಿತು. ಇಡೀ ಹಾಲನ್ನು ಬೆಳಗಿಸುವ ಹುಚ್ಚು ಬೇಡ. ಒಂದು ತಿರುವನ್ನು ಆರಿಸಿಕೋ, ಒಂದು ಮೊಳ ಉದ್ದದ ಟ್ರ್ಯಾಕನ್ನು ಮಾತ್ರ ಬೆಳಗಿಸು. ಎರಡು ಒಳ್ಳೆಯ ಎಲ್‌ಇಡಿ ಲ್ಯಾಂಪ್ ಅಷ್ಟು ಹತ್ತಿರ ಬಂದರೆ ಮೂರು ಸ್ಟಾಪ್, ಅಂದರೆ ಮೂರು ಸಲ ಇಮ್ಮಡಿಸಿದ ಬೆಳಕು, ಸಿಗುವುದು ಕಷ್ಟವಲ್ಲ. ಐಎಸ್‌ಒ 6400 ಇದ್ದದ್ದು 800ಕ್ಕೆ ಇಳಿಯುತ್ತೆ.

— ಮಿಕ್ಕ ಹಾಲು ಕತ್ತಲಾಗಿ ಕಾಣೋದಿಲ್ಲವಾ?

— ಕಾಣಲಿ ಬಿಡು. ಈ ನಿನ್ನ ಚಿತ್ರದಲ್ಲಿ ಹಿಂದೆ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ, ಯಾರದೋ ಚಹಾ ಲೋಟ, ನೋಟೀಸ್ ಬೋರ್ಡು ಎಲ್ಲ ಇಣುಕುತ್ತಿವೆ. ಹತ್ತಿರದ ದೀಪದ ಬೆಳಕು ಎಷ್ಟು ಬೇಗ ಏರುತ್ತೋ ಅಷ್ಟೇ ಬೇಗ ಇಳಿಯುತ್ತೆ. ಆ ಕುರ್ಚಿಗಳೆಲ್ಲ ತಾವಾಗಿಯೇ ಮರೆಯಾಗುತ್ತವೆ.

— ಇನ್ನೊಂದು ವಿಚಿತ್ರ ನೋಡಿ. ಒಂದೇ ಜಾಗ, ಒಂದೇ ಸೆಟ್ಟಿಂಗು, ಒಂದರ ಹಿಂದೆ ಒಂದು ತೆಗೆದದ್ದು. ಈ ಚಿತ್ರ ಬೆಳ್ಳಗಿದೆ, ಇದು ಮಬ್ಬು, ಇದರಲ್ಲಿ ಅರ್ಧ ಭಾಗ ಹಳದಿ.

— ಅದು ನಿನ್ನ ಕ್ಯಾಮೆರಾದ ದೋಷ ಅಲ್ಲ. ಅಲ್ಲಿಯೂ ಇಲ್ಲಿಯ ಹಾಗೆ 50 ಹರ್ಟ್ಸ್ ಕರೆಂಟು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಉಬ್ಬಿ ತಗ್ಗುತ್ತೆ. ಕಣ್ಣಿಗೆ ಗೊತ್ತಾಗದು. 1/1000ಕ್ಕೆ ತೆಗೆದಾಗ ಕೆಲವು ಚಿತ್ರ ಉಬ್ಬಿನ ಮೇಲೆ, ಕೆಲವು ತಗ್ಗಿನಲ್ಲಿ ಬೀಳುತ್ತವೆ, ಬಣ್ಣವೂ ಅದರ ಜೊತೆ ಬದಲಾಗುತ್ತೆ. ಅಗ್ಗದ ಎಲ್‌ಇಡಿಗೂ ಇದೇ ಚಾಳಿ. ಲ್ಯಾಂಪ್ ಕೊಳ್ಳುವ ಮುಂಚೆ ಬಿಳಿ ಗೋಡೆಯ ಮೇಲೆ ಬೆಳಕು ಬಿಟ್ಟು 1/1000ಕ್ಕೆ ಸಾಲಾಗಿ ಹತ್ತಿಪ್ಪತ್ತು ಚಿತ್ರ ತೆಗೆದು ನೋಡು. ಎಲ್ಲ ಒಂದೇ ಥರ ಬಂದರೆ ಆ ಲ್ಯಾಂಪು ಆಗಬಹುದು. ಕೆಲವು ಕ್ಯಾಮೆರಾಗಳಲ್ಲಿ ಈ ಏರಿಳಿತ ನೋಡಿಕೊಂಡು ಉಬ್ಬಿಗೆ ಸರಿಯಾಗಿ ಶಟರ್ ತೆರೆಯುವ ವ್ಯವಸ್ಥೆ ಇದೆ. ಕೆನಾನ್‌ನವರು 2014ರಲ್ಲಿ 7ಡಿ ಮಾರ್ಕ್ 2ರಲ್ಲಿ ತಂದರು, ಆಮೇಲೆ ಬೇರೆಯವರೂ ತಂದರು. ನಿನ್ನದರ ಮೆನುವಿನಲ್ಲಿ ಹುಡುಕು. ಆದರೆ ಚಿತ್ರಕ್ಕೆ ಬೇಕಾದ ಹೆಚ್ಚಿನ ಬೆಳಕು ನಿನ್ನ ಲ್ಯಾಂಪಿನಿಂದಲೇ ಬಂದರೆ ಚಾವಣಿಯ ಟ್ಯೂಬು ಏನು ಮಾಡಿದರೂ ಅಷ್ಟು ಬಾಧಕ ಇಲ್ಲ.

— ಆಟೋಫೋಕಸ್ ಕೂಡ ಕೈಕೊಡುತ್ತೆ.

— ಅದನ್ನು ಆಫ್ ಮಾಡಿಬಿಡು. ಕಬಡ್ಡಿ ಆಟಗಾರ ಎಲ್ಲಿಗೆ ಜಿಗಿಯುತ್ತಾನೆ ಅಂತ ಯಾರಿಗೂ ಗೊತ್ತಿರೋದಿಲ್ಲ. ನಿನ್ನ ಕಾರು ಎಲ್ಲಿ ಹೋಗುತ್ತೆ ಅನ್ನುವುದು ಮಿಲಿಮೀಟರ್ ಸಮೇತ ಗೊತ್ತು, ಸೀಳು ಇದೆಯಲ್ಲ! ನಿಂತಿರುವ ಕಾರನ್ನು ಆ ಜಾಗದಲ್ಲಿಟ್ಟು ಕೈಯಲ್ಲೇ ಫೋಕಸ್ ಮಾಡು, ಆಮೇಲೆ ಆ ಉಂಗುರ ಮುಟ್ಟಬೇಡ. ಇಡೀ ಪತ್ರಿಕಾ ಛಾಯಾಗ್ರಾಹಕರ ಬಳಗದಲ್ಲಿ ಯಾರಿಗೂ ಸಿಗದ ಅನುಕೂಲ ಇದು.

— ಕ್ಲಿಕ್ ಮಾಡುವ ಹೊತ್ತಿಗೆ ಕಾರು ಫ್ರೇಮು ದಾಟಿರುತ್ತೆ. ಸಾಲು ಸಾಲಾಗಿ ತೆಗೆದರೆ?

— ಸೆಕೆಂಡಿಗೆ 10 ಚಿತ್ರ ತೆಗೆದರೂ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕಾರು 40 ಸೆಂಟಿಮೀಟರ್ ಓಡಿರುತ್ತೆ. ನಿನ್ನ ಫ್ರೇಮಿನ ಅಗಲವೇ ಅಷ್ಟಿಲ್ಲ. ಕಿವಿ ಬಳಸು. ಆ ಪುಟ್ಟ ಮೋಟಾರಿನ ಕೀರಲು ದನಿ ತಿರುವಿನ ಮುಂಚೆ ಒಮ್ಮೆ ಇಳಿಯುತ್ತೆ, ಆಡುವವರು ಟ್ರಿಗರ್ ಸಡಿಲಿಸುವ ಜಾಗ ಅದು. ಪಳಗಿದವರು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಸಡಿಲಿಸುತ್ತಾರೆ. ನಾಲ್ಕಾರು ಸುತ್ತು ಬರೀ ಕೇಳು, ಬೆರಳಿಗೆ ಲಯ ಹತ್ತುತ್ತೆ. ಒತ್ತುವುದಕ್ಕೂ ಶಟರ್ ತೆರೆಯುವುದಕ್ಕೂ ನಡುವೆ ಕ್ಯಾಮೆರಾ ಕೂಡ ಒಂದಿಷ್ಟು ಹೊತ್ತು ತಿನ್ನುತ್ತೆ. ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಅಂದುಕೊಂಡರೂ ಅಷ್ಟರಲ್ಲಿ ಕಾರು ಒಂದು ಗೇಣಿನಷ್ಟು ಹೋಗಿರುತ್ತೆ. ಹಾಗಾಗಿ ಕಾರು ಕಾಣುವ ಮುಂಚೆಯೇ ಒತ್ತಬೇಕು.

— ಇಷ್ಟೆಲ್ಲ ಮಾಡಿ ತೆಗೆದರೆ ಕಾರು ಅಲ್ಲಾಡದೆ ನಿಂತ ಹಾಗೆ ಬರುತ್ತೆ.

— ನಿಂತ ಹಾಗೆ ಅಂದೆಯಲ್ಲ, ಆ ಮಾತನ್ನು ಬಿಡಬೇಡ. 1/2000ಕ್ಕೆ ತೆಗೆದ ಕಾರಿಗೂ ಕಪಾಟಿನಲ್ಲಿ ಇಟ್ಟ ಕಾರಿಗೂ ಏನು ವ್ಯತ್ಯಾಸ? ಚಕ್ರದ ಕಡ್ಡಿಗಳು ಎಣಿಸುವಷ್ಟು ಸ್ಪಷ್ಟ. ಓಟ ಎಲ್ಲಿ ಹೋಯಿತು? ವೇಗವನ್ನು ಹಿಡಿಯಲು ಹೊರಟು ವೇಗವನ್ನೇ ಒರೆಸಿಬಿಟ್ಟ ಚಿತ್ರಗಳು ನನಗೆ ಸೇರೋದಿಲ್ಲ. ನಿನ್ನ ಕ್ಲಬ್ಬಿನಲ್ಲಿ ಕಾರಿನ ಕೆಳಗೆ ಅಯಸ್ಕಾಂತ ಇರುತ್ತಾ?

— ಪೆಟ್ಟಿಗೆಯಲ್ಲಿ ಬರುವಾಗ ಇರುತ್ತೆ, ಟ್ರ್ಯಾಕಿನ ಪಟ್ಟಿಗೆ ಅಂಟಿಕೊಂಡಿರಲಿ ಅಂತ. ನಮ್ಮ ಕ್ಲಬ್ಬಿನವರು ತೆಗೆದುಹಾಕುತ್ತಾರೆ. ಅದಿಲ್ಲದಿದ್ದರೆ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತೆ, ಆಟ ಇರುವುದೇ ಅದರಲ್ಲಿ ಅನ್ನುತ್ತಾರೆ.

— ಚಿತ್ರ ಇರುವುದೂ ಅದರಲ್ಲೇ! ಮೂತಿ ಸೀಳಿನಲ್ಲಿ ಕಚ್ಚಿಕೊಂಡಿದೆ, ಬಾಲ ಹೊರಕ್ಕೆ ಬೀಸಿದೆ, ಒಳಗಡೆಯ ಮುಂದಿನ ಚಕ್ರ ಕೂದಲೆಳೆಯಷ್ಟು ಮೇಲೆದ್ದಿದೆ. ಅದನ್ನು ಎಷ್ಟು ಗಟ್ಟಿಯಾಗಿ ನಿಲ್ಲಿಸಿದರೂ ನಿಂತ ಕಾರು ಅನ್ನಿಸೋದಿಲ್ಲ, ನಿಂತ ಕಾರು ಹಾಗೆ ನಿಲ್ಲಲು ಸಾಧ್ಯವೇ ಇಲ್ಲವಲ್ಲ. ಜೊತೆಗೆ ತಿರುವಿನಲ್ಲಿ ವೇಗವೂ ಅರ್ಧಕ್ಕೆ ಇಳಿದಿರುತ್ತೆ. ನೇರ ಓಟದಲ್ಲಿ ಕಾರಿಗೆ ವೇಗ ಇದೆ, ಕಥೆ ಇಲ್ಲ. ಅಲ್ಲಿ ಕ್ಯಾಮೆರಾ ಹಿಡಿಯಬೇಡ.

— ಪ್ಯಾನ್ ಮಾಡಿ ತೆಗೆಯುವುದನ್ನೂ ನೋಡಿದೆ. ಕಾರಿನ ಜೊತೆ ಕ್ಯಾಮೆರಾ ತಿರುಗಿಸಿದರೆ ಮೂತಿ ಸ್ಪಷ್ಟ ಬರುತ್ತೆ, ಬಾಲ ಕಲಸಿಹೋಗುತ್ತೆ.

— ಎಲ್ಲಿ ನಿಂತು?

— ಟ್ರ್ಯಾಕಿನ ಹೊರಗೆ, ನೇರ ಭಾಗದ ಪಕ್ಕ.

— ಅದು ಹಾಗೆಯೇ ಆಗುವುದು. ಅಷ್ಟು ಹತ್ತಿರದಿಂದ ನೋಡಿದಾಗ ಹಾದುಹೋಗುವ ಕಾರಿನ ಮುಖ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಮೊದಲು ಮೂತಿ, ಆಮೇಲೆ ಪಕ್ಕ, ಆಮೇಲೆ ಬೆನ್ನು. ಎಲ್ಲ ಭಾಗವನ್ನೂ ಒಟ್ಟಿಗೆ ಹಿಂಬಾಲಿಸಲು ಕ್ಯಾಮೆರಾದಿಂದ ಆಗೋದಿಲ್ಲ. ಈಗ ಒಂದು ದೊಡ್ಡ ತಿರುವಿನ ಒಳಗೆ, ಆ ವೃತ್ತದ ನಡುಮಧ್ಯಕ್ಕೆ ಕ್ಯಾಮೆರಾ ತಂದಿಟ್ಟೆ ಅಂತ ಯೋಚಿಸು. ಕಾರು ನಿನ್ನ ಸುತ್ತ ತಿರುಗುತ್ತೆ. ತಿರುವಿನ ಉದ್ದಕ್ಕೂ ನಿನ್ನಿಂದ ಅದೇ ದೂರ, ನಿನಗೆ ತೋರಿಸುವುದು ಅದೇ ಪಕ್ಕ. ಫೋಕಸ್ ಕದಲೋದಿಲ್ಲ. ನೀನು ಅದರ ವೇಗಕ್ಕೆ ತಿರುಗಿದರೆ ಮೂತಿಯಿಂದ ಬಾಲದವರೆಗೆ ಎಲ್ಲ ಒಟ್ಟಿಗೆ ಹರಿತವಾಗಿ ನಿಲ್ಲುತ್ತೆ. ತ್ರಿಜ್ಯ ಅರ್ಧ ಮೀಟರ್ ಇದ್ದರೆ 50 ಎಂಎಂ ಲೆನ್ಸಿಗೆ ಕಾರು ಫ್ರೇಮಿನಲ್ಲಿ ಹದವಾಗಿ ತುಂಬುತ್ತೆ.

— ಶಟರ್?

— 1/60. ಹೆದರಬೇಡ. ತಿರುವಿನಲ್ಲಿ ಸೆಕೆಂಡಿಗೆ 2 ಮೀಟರ್ ಓಡುತ್ತೆ ಅಂದರೆ ಅಷ್ಟರಲ್ಲಿ ಹಿಂದಿನ ಟ್ರ್ಯಾಕು ಮೂರು ಸೆಂಟಿಮೀಟರಿಗೂ ಮಿಕ್ಕಿ ಸರಿದು ಗೆರೆಗೆರೆಯಾಗುತ್ತೆ. ಚಕ್ರದ ಸುತ್ತಳತೆ ಆರು ಸೆಂಟಿಮೀಟರ್ ಆಸುಪಾಸು, ಅದು ಅರ್ಧ ಸುತ್ತು ಸುತ್ತಿ ಕಡ್ಡಿಗಳೆಲ್ಲ ಕರಗಿರುತ್ತವೆ. ಕಾರು ಮಾತ್ರ ಗಟ್ಟಿ. ಅದಕ್ಕೆ ಬೇಕಾದ ಬೆಳಕು ನೋಡು: ಆ ಬಡ ಟ್ಯೂಬ್‌ಲೈಟಿನಲ್ಲೇ ಎಫ್ 5.6, ಐಎಸ್‌ಒ 1600. ಲ್ಯಾಂಪೂ ಸೇರಿದರೆ ಇನ್ನೂ ಕಡಿಮೆ. ಕಾರಿನ ಪಕ್ಕದ ಮೈ ಚಪ್ಪಟೆ ಇರುವುದರಿಂದ ಆ ತೆರಪಿನಲ್ಲಿ ಸಿಗುವ ಎರಡು ಸೆಂಟಿಮೀಟರ್ ಆಳವೂ ಸಾಕು. ಹತ್ತರಲ್ಲಿ ಎಂಟು ಕೆಡುತ್ತವೆ, ಪ್ಯಾನಿಂಗ್ ಯಾವಾಗಲೂ ಹಾಗೆಯೇ. ಉಳಿದ ಎರಡು ಚೆನ್ನಾಗಿರುತ್ತವೆ.

— ಫ್ಲ್ಯಾಶ್ ಹಾಕಿದರೆ ಇಷ್ಟೆಲ್ಲ ಪಾಡು ಬೇಕಾ?

— ಫ್ಲ್ಯಾಶ್ ಬಗ್ಗೆ ನನಗೆ ಗೌರವ ಇದೆ. ಅಮೆರಿಕದ ಎಂಐಟಿಯ ಹೆರಾಲ್ಡ್ ಎಜರ್ಟನ್ ಕತ್ತಲ ಕೋಣೆಯಲ್ಲಿ ಸೇಬಿನಿಂದ ತೂರಿ ಹೊರಬರುವ ಗುಂಡನ್ನು 1964ರಲ್ಲಿ ಹಿಡಿದದ್ದು ಶಟರಿನಿಂದ ಅಲ್ಲ, ಅತಿ ಚಿಕ್ಕ ಮಿಂಚಿನಿಂದ. ನಿನ್ನ ಚಿಕ್ಕ ಫ್ಲ್ಯಾಶಿನಲ್ಲೂ ಆ ಗುಣ ಇದೆ. ಶಕ್ತಿ ಇಳಿಸಿದಷ್ಟೂ ಮಿಂಚು ಚುಟುಕಾಗುತ್ತೆ. 1/32 ಶಕ್ತಿಗೆ ಇಟ್ಟರೆ ಸಾಮಾನ್ಯವಾಗಿ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಉರಿಯುತ್ತೆ. ಅಷ್ಟರಲ್ಲಿ ಕಾರು ಅರ್ಧ ಮಿಲಿಮೀಟರ್ ಕೂಡ ಸರಿಯೋದಿಲ್ಲ. ಕಾರು ಹತ್ತಿರ ಇರುವುದರಿಂದ ಅಷ್ಟು ಶಕ್ತಿಯೇ ಬೇಕಾದಷ್ಟಾಯಿತು. ಆದರೆ ಶಟರನ್ನು 1/200ರಲ್ಲಿ ಇಟ್ಟರೆ ಹಿನ್ನೆಲೆ ಕಪ್ಪು, ಕಾರು ಕಪಾಟಿನದ್ದು. ಅದಕ್ಕೆ ಶಟರನ್ನು 1/30ಕ್ಕೆ ಇಳಿಸು, ಎಫ್ 5.6, ಐಎಸ್‌ಒ 400. ಹಾಲಿನ ಬೆಳಕಿನಲ್ಲಿ ಕಾರು ಹದಿಮೂರು ಸೆಂಟಿಮೀಟರ್ ಉದ್ದಕ್ಕೆ ಮಸುಕಾಗಿ ಎಳೆದುಕೊಳ್ಳುತ್ತೆ, ಅದರ ಕೊನೆಯಲ್ಲಿ ಫ್ಲ್ಯಾಶ್ ಹೊಡೆದು ಸ್ಪಷ್ಟವಾಗುತ್ತೆ. ಮೆನುವಿನಲ್ಲಿ ಎರಡನೇ ಪರದೆಗೆ ಫ್ಲ್ಯಾಶ್ ಅಂತ ಇರುತ್ತೆ, ಅದನ್ನೇ ಆರಿಸು. ಇಲ್ಲದಿದ್ದರೆ ಆ ಮಸುಕು ಕಾರಿನ ಮುಂದೆ ಬಂದು ಕಾರು ಹಿಂದಕ್ಕೆ ಓಡಿದ ಹಾಗೆ ಕಾಣುತ್ತೆ.

— ಫೋನಿನಲ್ಲಿ ತೆಗೆದ ಇದರಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ವಾಲಿದೆ. ಅಳಿಸಿಬಿಡಲಾ?

— ಬೇಡ ಬೇಡ, ಇಡು. ಝಾಕ್ ಆನ್ರಿ ಲಾರ್ತಿಗ್ ಅಂತ ಒಬ್ಬ ಫ್ರೆಂಚ್ ಛಾಯಾಗ್ರಾಹಕ ಇದ್ದ, 1894ರಲ್ಲಿ ಹುಟ್ಟಿದವನು. 1910ರ ದಶಕದ ಆರಂಭದಲ್ಲಿ ಗ್ರ್ಯಾನ್ ಪ್ರೀ ರೇಸಿನ ಒಂದು ಚಿತ್ರ ತೆಗೆದ. ಕಾರಿನ ಹಿಂದಿನ ಚಕ್ರ ಮುಂದಕ್ಕೆ ವಾಲಿದ ಮೊಟ್ಟೆ, ಹಿಂದೆ ನಿಂತ ಜನ ಎದುರು ದಿಕ್ಕಿಗೆ ವಾಲಿದ್ದಾರೆ. ಶಟರಿನ ಸೀಳು ಗಾಜಿನ ಪ್ಲೇಟಿನ ಮೇಲೆ ನಿಧಾನವಾಗಿ ಹಾಯುವಷ್ಟರಲ್ಲಿ ಕಾರೂ ಸರಿದಿತ್ತು, ಅವನು ಕ್ಯಾಮೆರಾವನ್ನೂ ತಿರುಗಿಸುತ್ತಿದ್ದ. ಫೋನಿನ ಸೆನ್ಸರ್ ಸಾಲುಸಾಲಾಗಿ ಓದುವಾಗ ಆಗುವುದೂ ಅದೇ. 1963ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಅವನ ಪ್ರದರ್ಶನ ಆದಮೇಲೆ ಜಗತ್ತೇ ಅವನನ್ನು ಗುರುತಿಸಿತು. ಅವನು ಹತ್ತು-ಹನ್ನೊಂದರ ಹುಡುಗನಾಗಿದ್ದಾಗ, 1905ರಲ್ಲಿ, ತನ್ನ ಕೋಣೆಯಲ್ಲಿ ಆಟದ ರೇಸ್ ಕಾರುಗಳನ್ನು ಜೋಡಿಸಿ ಅವುಗಳ ಚಿತ್ರವನ್ನೂ ತೆಗೆದಿದ್ದ, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ. ಆ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನಿನ್ನ ಚಿತ್ರಗಳೆಲ್ಲ ನಿಂತ ಎತ್ತರದಿಂದ ಕೆಳಗೆ ನೋಡಿ ತೆಗೆದವು. ನೀನು ಟ್ರ್ಯಾಕಿನ ಪಕ್ಕ ನಿಂತ ಮನುಷ್ಯ ಅಂತಾದರೆ ನಿನ್ನ ಕಣ್ಣಿನ ಎತ್ತರ 1:32ರಲ್ಲಿ ಎಷ್ಟು?

— ಒಂದೂವರೆ ಮೀಟರ್ ಅಂದುಕೊಂಡರೆ… ಐದು ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ.

— ಅಲ್ಲಿಗೆ ಇಳಿ. ಲೆನ್ಸು ಟ್ರ್ಯಾಕನ್ನು ಮುಟ್ಟುವಷ್ಟು ಹತ್ತಿರ ಬಂದರೆ ಆ ಕಾರಿಗೆ ತೂಕ ಬರುತ್ತೆ, ಬಾಗಿಲು ತೆರೆದು ಯಾರೋ ಇಳಿಯಬಹುದು ಅನ್ನಿಸುತ್ತೆ. ರಾ ಫೈಲಿನಲ್ಲಿ ತೆಗಿ, ಬಣ್ಣ ಆಮೇಲೆ ಸರಿಮಾಡಬಹುದು. ಕಾಳಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಮಬ್ಬಾಗಿ ತೆಗೆದು ಆಮೇಲೆ ಎತ್ತುವುದಕ್ಕಿಂತ ಐಎಸ್‌ಒ ಒಂದು ಮೆಟ್ಟಿಲು ಹೆಚ್ಚಿಟ್ಟು ಬೆಳ್ಳಗೆ ತೆಗೆಯುವುದೇ ವಾಸಿ.

— ಲ್ಯಾಂಪು, ಫ್ಲ್ಯಾಶು ಎಲ್ಲ ತಗೊಂಡು ಹೋದರೆ ಆಡುವವರು ಏನಂತಾರೋ. ಅವರ ಕಣ್ಣು ಒಂದು ಕ್ಷಣ ಕೋರೈಸಿದರೆ ಕಾರು ಸೀಳಿನಿಂದ ಹಾರಿಹೋಗುತ್ತೆ.

— ಕೇಳದೆ ಫ್ಲ್ಯಾಶ್ ಹೊಡೆಯುವ ಹಾಗೇ ಇಲ್ಲ. ಅದು ಅವರ ಸಂಜೆ, ಅವರ ರೇಸು. ಅಭ್ಯಾಸದ ಸುತ್ತುಗಳಲ್ಲಿ ಫ್ಲ್ಯಾಶ್ ಹಾಕಲಾ ಅಂತ ರೇಸ್ ನಡೆಸುವವರನ್ನು ಮೊದಲೇ ಕೇಳು. ರೇಸು ಶುರುವಾದಮೇಲೆ ಲ್ಯಾಂಪ್ ಒಂದೇ ಸಾಕು. ತಿರುವುಗಳಲ್ಲಿ ಯಾರು ನಿಂತಿರುತ್ತಾರೆ?

— ಮಾರ್ಷಲ್‌ಗಳು. ಹಾರಿಬಿದ್ದ ಕಾರನ್ನು ಎತ್ತಿ ಸೀಳಿಗೆ ಇಡುವವರು. ಆ ಸುತ್ತಿನಲ್ಲಿ ಆಡದೇ ಇರುವವರು ಸರದಿಯ ಮೇಲೆ ನಿಲ್ಲುತ್ತಾರೆ, ನನಗೂ ಸರದಿ ಬರುತ್ತೆ.

— ಸರದಿ ಬಂದಾಗ ಕ್ಯಾಮೆರಾ ಕೆಳಗಿಡು. ನೀನು ವ್ಯೂಫೈಂಡರಿನಲ್ಲಿ ಇದ್ದ ಎರಡು ಸೆಕೆಂಡಿನಲ್ಲಿ ಒಬ್ಬರ ರೇಸೇ ಹೋಗಬಹುದು. ಎಲ್ಲಿ, ಈ ಕಾಗದದ ಮೇಲೆ ಟ್ರ್ಯಾಕ್ ಬರಿ. ಆಡುವವರು ಎಲ್ಲಿ ನಿಲ್ಲುತ್ತಾರೆ?

— ಈ ಉದ್ದದ ಬದಿಯಲ್ಲಿ ಸಾಲಾಗಿ. ದೊಡ್ಡ ತಿರುವು ಇಲ್ಲಿ, ಎಡಗಡೆ ತುದಿಗೆ. ಒಳಗೆ ಕೈ ಚಾಚುವಷ್ಟು ಜಾಗ ಇದೆ.

— ಹಾಗಾದರೆ ಲ್ಯಾಂಪನ್ನು ಆಡುವವರ ಬದಿಯಲ್ಲೇ ನಿಲ್ಲಿಸು, ಅವರ ಕಣ್ಣಿಗೆ ಹೊಡೆಯದ ಹಾಗೆ ಬೆನ್ನು ಅವರ ಕಡೆಗಿರಲಿ. ಆ ಬೆಳಕು ಕಾರಿನ ಚಾವಣಿ, ಬಾನೆಟ್ಟಿನ ಅಂಚನ್ನು ಎತ್ತಿ ತೋರಿಸುತ್ತೆ, ಆದರೆ ನಿನ್ನ ಕಡೆಯ ಪಕ್ಕ ಕಪ್ಪಾಗುತ್ತೆ. ಅದಕ್ಕೆ ಒಂದು ಥರ್ಮೋಕೋಲ್ ತುಂಡನ್ನು ತಿರುವಿನ ಒಳಗೆ, ಲೆನ್ಸಿನ ಪಕ್ಕದಲ್ಲಿ ಓರೆಯಾಗಿ ನಿಲ್ಲಿಸು. ಮಾರ್ಷಲ್ ಕೈಗೆ ಅಡ್ಡ ಬರಬಾರದು, ಗಾಳಿಗೆ ಟ್ರ್ಯಾಕಿನ ಮೇಲೆ ಬೀಳಲೂಬಾರದು, ಅಂಟಿಸಿಬಿಡು.

— ಲ್ಯಾಂಪಿನ ಎತ್ತರ?

— ಮೊದಲು ಎರಡು ಗೇಣು. ನಿಂತ ಕಾರನ್ನಿಟ್ಟು ನೋಡು. ಕಾರಿನ ನೆರಳು ಪಕ್ಕದ ಲೇನಿನವರಿಗೆ ಅವರ ಸೀಳು ಕಾಣದಷ್ಟು ಉದ್ದ ಬಿದ್ದರೆ ಇನ್ನೊಂದು ಗೇಣು ಏರಿಸು.